ಸಾಕುಹಾವುಗಳ ಆಹಾರ

ನಾಗರಪಂಚಮಿಯಂದು ಹುತ್ತಕ್ಕೆ ಹಾಲೆರೆಯುವ ನಮ್ಮಲ್ಲಿ ಹಾವಿನ ಆಹಾರ ಹಾಲೆಂಬ ನಂಬಿಕೆ ಬೇರೂರಿದೆ. ವಾಸ್ತವವಾಗಿ ಹಾವುಗಳೆಲ್ಲವೂ ಮಾಂಸಾಹಾರಿಗಳು. ಬಾಯಾರಿ ಬಳಲಿದ ಹಾವು ಹಾಲನ್ನು ಕುಡಿದೀತು; ಆದರೆ ಜೀರ್ಣಿಸಿಕೊಳ್ಳಲಾರದು. ಹಾಗಾದರೆ ಅಮೆರಿಕ, ಯೂರೋಪುಗಳಲ್ಲಿ ಹಾವನ್ನು ಮನೆಯಲ್ಲಿ ಸಾಕುವವರು ಅದಕ್ಕೆ ಏನನ್ನು ಉಣಿಸುತ್ತಾರೆ? ಹಾವಿನ ಜಾತಿ ಯಾವುದೋ ಊಟವೂ ಅದರಂತೆಯೇ ಎಂಬುದನ್ನು ಕೆಲವು ನಿದರ್ಶನಗಳಿಂದ ನೋಡೋಣ.

ಉತ್ತರ ಅಮೆರಿಕದ ಕಾರ್ನ್ ಹಾವಿನ ಮರಿಗೆ ವಾರಕ್ಕೊಮ್ಮೆ ಕೂದಲು ಮೂಡದ ಇಲಿಮರಿಯೊಂದು ಸಾಕು. ಬೆಳೆದ ಹಾವಿಗೆ 10ರಿಂದ 14 ದಿನಗಳಿಗೊಮ್ಮೆ ಒಂದು ಬೆಳೆದ ಸಣ್ಣಿಲಿ. ಹಾವು ಅಗಿಯಲಾರದು, ಇಡಿಯಾಗಿ ನುಂಗುತ್ತದೆ. ಅದರ ಕೆಳದವಡೆಯ ಎರಡು ಭಾಗಗಳು ಹಿಗ್ಗಬಲ್ಲ ತಂತುವಿನಿಂದ ಕೂಡಿಕೊಂಡಿರುವುದರಿಂದ ಬಾಯಿ ಬಹಳ ಅಗಲವಾಗುವುದು. ಜೀವಂತ ಇಲಿಯನ್ನು ಪೆಟ್ಟಿಗೆಯೊಳಕ್ಕೆ ಬಿಡುವುದು ತರವಲ್ಲ. ಓಡಲು ದಾರಿಯಿಲ್ಲದ ಇಲಿ ಹಾವನ್ನೇ ಕಚ್ಚಿ ಗಾಯಗೊಳಿಸೀತು. ಆದುದರಿಂದ ಹಿಮಗಟ್ಟಿಸಿಟ್ಟ ಸತ್ತ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕುಳದಿಂದ ಹಿಡಿದು ಕೊಡುವುದು ವಾಡಿಕೆ.

ಗಾರ್ಟರ್ ಹಾವಿಗೆ ಮೀನು, ಎರೆಹುಳುಗಳು ಇಷ್ಟ. ಇಲ್ಲಿ ಒಂದು ಅಪಾಯವುಂಟು. ಗೋಲ್ಡ್‌ಫಿಷ್ ಮೊದಲಾದ ಕೆಲವು ಮೀನುಗಳಲ್ಲಿ ಥಯಮಿನೇಸ್ ಎಂಬ ಕಿಣ್ವವಿದ್ದು, ಅದು ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ಅಂಥ ಮೀನನ್ನೇ ಸದಾ ತಿಂದ ಹಾವು ಹೊಟ್ಟೆ ತುಂಬಿದ್ದರೂ ಸೆಳವು ಬಂದು ಸಾಯಬಹುದು. ಆಫ್ರಿಕದ ಮೊಟ್ಟೆಭಕ್ಷಕ ಹಾವಾದರೋ ಹಕ್ಕಿಗಳ ಮೊಟ್ಟೆಯನ್ನಲ್ಲದೆ ಬೇರೇನನ್ನೂ ಮುಟ್ಟದು. ಮೊಟ್ಟೆ ಗಂಟಲಿಗಿಳಿದಾಗ ಬೆನ್ನೆಲುಬಿನಿಂದ ಚಾಚಿದ ಮೊನೆಗಳು ಅದನ್ನು ಒಡೆಯುತ್ತವೆ. ಒಳಗಿನ ರಸವನ್ನು ನುಂಗಿ, ಚಿಪ್ಪನ್ನು ಮುದ್ದೆಯಾಗಿ ಹಾವು ಹೊರಕ್ಕೆ ಉಗುಳುತ್ತದೆ. ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಎಂಬ ಕಿರು ಹೆಬ್ಬಾವು ಕೆಲವೊಮ್ಮೆ ತಿಂಗಳುಗಟ್ಟಲೆ ಉಪವಾಸವಿರುವುದು. ತೂಕ ಕುಗ್ಗದಿದ್ದರೆ ಸಾಕುವವರು ಗಾಬರಿಪಡಬೇಕಾಗಿಲ್ಲ.

ಊಟದಷ್ಟೇ ಮುಖ್ಯವಾದುದು ಶಾಖ. ಹಾವಿನ ಮೈಶಾಖ ಸುತ್ತಣ ಪರಿಸರವನ್ನು ಅವಲಂಬಿಸಿದೆ. ಚಳಿಯಲ್ಲಿ ಜೀರ್ಣರಸಗಳ ಕೆಲಸ ಕುಂದಿ, ನುಂಗಿದ ಪ್ರಾಣಿ ಹೊಟ್ಟೆಯಲ್ಲಿಯೇ ಕೊಳೆಯತೊಡಗಿ, ಹಾವು ಅದನ್ನು ಕಕ್ಕಿಬಿಡುವುದು. ಅದಕ್ಕಾಗಿಯೇ ಪೆಟ್ಟಿಗೆಯ ಒಂದು ಬದಿಯನ್ನು ಸುಮಾರು 30 ಡಿಗ್ರಿ ಸೆಂಟಿಗ್ರೇಡಿನಷ್ಟು ಬೆಚ್ಚಗಿಡುತ್ತಾರೆ. ಊಟವಾದ ಮೇಲೆ ಎರಡು ದಿನ ಹಾವನ್ನು ಕೈಯಲ್ಲಿ ಎತ್ತುವುದಿಲ್ಲ.

ಇದನ್ನೋದಿದ ವಿದ್ಯಾರ್ಥಿಗಳು ಹಿತ್ತಲಿನ ಕೇರೆಹಾವನ್ನು ಹಿಡಿದು ಸಾಕಲು ಹೊರಡಬಾರದು. ನಮ್ಮ ದೇಶದ ಕೇರೆ, ನಾಗರ, ಹೆಬ್ಬಾವುಗಳನ್ನು ಹಿಡಿದಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಗದ್ದೆಯ ಇಲಿಗಳನ್ನು ತಾನೇ ಹುಡುಕಿ ತಿನ್ನುವ ಕೇರೆಗೆ ನಮ್ಮ ಇಲಿಯೂ ಬೇಡ, ಹಾಲೂ ಬೇಡ. ಅದನ್ನು ಅದರ ಪಾಡಿಗೆ ಬಿಟ್ಟರೆ ಅಷ್ಟೇ ಸಾಕು.