ಸೇವೆಯ ಹಿಂದಿನ ಪ್ರೇರಣೆಯನ್ನು ಅಳೆಯುವ ಬಗೆ

ಕೂಲಿಯ ನಿರೀಕ್ಷೆಯಿಲ್ಲದೆ, ಯಾರ ಬಲವಂತವೂ ಇಲ್ಲದೆ ತಮ್ಮ ವೇಳೆ ಮತ್ತು ಶ್ರಮವನ್ನು ಪರಹಿತಕ್ಕಾಗಿ ಕೊಡುವವರನ್ನು ಸ್ವಯಂಸೇವಕರೆಂದು ಕರೆಯಲಾಗುತ್ತದೆ. ಹುಬ್ಬಳ್ಳಿ-ಧಾರವಾಡದ ನೆಲದಲ್ಲಿ ಈ ಪರಂಪರೆಯ ಬೇರುಗಳು ಆಳವಾಗಿವೆ. ಡಾ. ನಾ. ಸು. ಹರ್ಡೀಕರರು 1923ರಲ್ಲಿ ಕಟ್ಟಿದ ಹಿಂದುಸ್ತಾನಿ ಸೇವಾದಳವು ಹುಬ್ಬಳ್ಳಿಯನ್ನೇ ಕೇಂದ್ರವಾಗಿಸಿಕೊಂಡು ತರುಣರಿಗೆ ಶಿಸ್ತಿನ ತರಬೇತಿ ನೀಡಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ವ್ಯವಸ್ಥೆಯಲ್ಲಿ ಅದರ ಸ್ವಯಂಸೇವಕರು ದುಡಿದರು. ಇಂದು ಸಿದ್ಧಾರೂಢ ಮಠದ ದಾಸೋಹದಲ್ಲಿ ಊಟ ಬಡಿಸುವ ಭಕ್ತರು, ರಕ್ತದಾನ ಶಿಬಿರಕ್ಕೆ ಬರುವ ನೌಕರರು, ಹಳ್ಳಿಗಳಲ್ಲಿ ಶ್ರಮದಾನ ಮಾಡುವ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ವಿದ್ಯಾರ್ಥಿಗಳು ಅದೇ ಪರಂಪರೆಯನ್ನು ಮುಂದುವರಿಸಿದ್ದಾರೆ. ಇವರೆಲ್ಲರ ಪ್ರೇರಣೆ ಒಂದೇ ಬಗೆಯದೇ, ಕಣ್ಣಿಗೆ ಕಾಣದ ಆ ಪ್ರೇರಣೆಯನ್ನು ಅಳೆಯಲು ಸಾಧ್ಯವೇ ಎಂಬುದು ಮನೋವಿಜ್ಞಾನದ ಮುಂದಿರುವ ಪ್ರಶ್ನೆ.

ಅಮೆರಿಕದ ಮನೋವಿಜ್ಞಾನಿಗಳಾದ ಗಿಲ್ ಕ್ಲೇರಿ, ಮಾರ್ಕ್ ಸ್ನೈಡರ್ ಮತ್ತು ಅವರ ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯು ಇದಕ್ಕೆ ಹೆಚ್ಚು ಬಳಕೆಯಲ್ಲಿರುವ ಸಾಧನವಾಗಿದೆ. ಅದರಲ್ಲಿ 30 ಹೇಳಿಕೆಗಳಿದ್ದು, ಪ್ರತಿಯೊಂದೂ ತನಗೆ ಎಷ್ಟರಮಟ್ಟಿಗೆ ಅನ್ವಯಿಸುತ್ತದೆ ಎಂಬುದಕ್ಕೆ ಉತ್ತರಿಸುವವನು 1ರಿಂದ 7ರವರೆಗೆ ಅಂಕ ಕೊಡಬೇಕಾಗುತ್ತದೆ. ಐದೈದು ಹೇಳಿಕೆಗಳ ಗುಂಪು ಒಂದೊಂದು ಪ್ರೇರಣೆಯನ್ನು ಸೂಚಿಸುತ್ತದೆ: ಪರರ ಬಗೆಗಿನ ಕಳಕಳಿ, ಹೊಸದನ್ನು ಕಲಿಯುವ ಹಂಬಲ, ಆಪ್ತರ ಒಡನಾಟ, ಉದ್ಯೋಗಕ್ಕೆ ನೆರವಾಗುವ ಅನುಭವ, ಮನಸ್ಸಿನ ನೋವು ಅಥವಾ ಅಪರಾಧಭಾವದಿಂದ ಬಿಡುಗಡೆ ಮತ್ತು ಆತ್ಮಗೌರವದ ವೃದ್ಧಿ. ಯಾವ ಯಾವ ಹೇಳಿಕೆಗಳಿಗೆ ಜನರ ಅಂಕಗಳು ಒಟ್ಟಾಗಿ ಏರಿಳಿಯುತ್ತವೆ ಎಂಬುದನ್ನು ಗಣಿತದ ನೆರವಿನಿಂದ ಪತ್ತೆಹಚ್ಚಿ ಇಂಥ ಗುಂಪುಗಳನ್ನು ಪರೀಕ್ಷಿಸುವ ಕ್ರಮಕ್ಕೆ ಅಂಶ ವಿಶ್ಲೇಷಣೆ ಎಂದು ಹೆಸರು.

ಆದರೆ ಬಾಯಿಂದ ಬರುವ ಉತ್ತರವೆಲ್ಲ ಮನಸ್ಸಿನ ಮಾತಾಗಿರುವುದಿಲ್ಲ. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಪೂರೈಸಬೇಕಾದ ಎನ್ನೆಸ್ಸೆಸ್ ವಿದ್ಯಾರ್ಥಿಯನ್ನು ಶಿಬಿರಾಧಿಕಾರಿಯ ಎದುರಿನಲ್ಲೇ ಪ್ರಶ್ನಿಸಿದರೆ, ಪ್ರಮಾಣಪತ್ರದ ಆಸೆಯನ್ನು ಮರೆಮಾಚಿ ಸಮಾಜಸೇವೆಯ ಮಾತನ್ನೇ ಆಡುವ ಸಂಭವ ಹೆಚ್ಚು. ಸಮಾಜ ಮೆಚ್ಚುವ ಉತ್ತರದ ಕಡೆಗಿನ ಈ ವಾಲಿಕೆಯನ್ನು ತಗ್ಗಿಸಲು ಹೆಸರು ಬರೆಸದೆ ಪ್ರಶ್ನಾವಳಿ ತುಂಬಿಸುವುದು ಒಂದು ಉಪಾಯ. ಮಾತನ್ನು ಬಿಟ್ಟು ನಡತೆಯನ್ನೇ ಗಮನಿಸುವುದು ಇನ್ನೊಂದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರಕ್ತದಾನಿಯಾಗಲು ಬೇಕಾದ ಆರೋಗ್ಯ ತಪಾಸಣೆಗೆ ಹಣದ ಮಾತಿಲ್ಲದಿದ್ದಾಗ ಮಹಿಳೆಯರಲ್ಲಿ ಶೇ. 52ರಷ್ಟು ಮಂದಿ ಒಪ್ಪಿದ್ದರೆ, 50 ಕ್ರೋನರ್ ಕೊಡುವುದಾಗಿ ಹೇಳಿದಾಗ ಶೇ. 30ರಷ್ಟು ಮಂದಿ ಮಾತ್ರ ಒಪ್ಪಿದರು. ಆ ಹಣವನ್ನು ದಾನವಾಗಿ ಕೊಡಬಹುದೆಂದಾಗ ಪ್ರಮಾಣವು ಶೇ. 53ಕ್ಕೆ ಮರಳಿತು. ಪುರುಷರಲ್ಲಿ ಇಂಥ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ.

ಹೊರನಾಡಿನಲ್ಲಿ ಸಿದ್ಧವಾದ ಅಳತೆಗೋಲನ್ನು ಇಲ್ಲಿ ಹಾಗೆಯೇ ಬಳಸುವುದೂ ಸರಿಯಲ್ಲ. ದಾಸೋಹದಲ್ಲಿ ಎಲೆ ಎತ್ತುವ ಭಕ್ತನಿಗೆ ಆ ಕೆಲಸವು ಪೂಜೆಯೂ ಹೌದು, ಹರಕೆಯೂ ಹೌದು, ಮನೆತನದ ನಡವಳಿಕೆಯೂ ಹೌದು. ಭಕ್ತಿ, ಪುಣ್ಯ, ಋಣ ಎಂಬ ಭಾವನೆಗಳಿಗೆ ಕ್ಲೇರಿ ಮತ್ತು ಸಂಗಡಿಗರ ಪ್ರಶ್ನಾವಳಿಯ ಆರು ವಿಭಾಗಗಳಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಆದ್ದರಿಂದ ಹೇಳಿಕೆಗಳನ್ನು ಈ ಭಾಗದ ಜನರ ಆಡುಮಾತಿನಿಂದಲೇ ರೂಪಿಸಿ, ಅವು ಅಳೆಯಬೇಕಾದುದನ್ನೇ ಅಳೆಯುತ್ತವೆಯೇ ಎಂಬ ಸಿಂಧುತ್ವವನ್ನೂ, ಮತ್ತೆ ಮತ್ತೆ ಅಳೆದಾಗ ಹೊಂದಿಕೆಯಾಗುವ ಫಲ ಬರುತ್ತದೆಯೇ ಎಂಬ ವಿಶ್ವಾಸಾರ್ಹತೆಯನ್ನೂ ಹೊಸದಾಗಿ ಪರೀಕ್ಷಿಸಬೇಕಾಗುತ್ತದೆ.

ಇಂಥ ಅಳತೆಯ ಉದ್ದೇಶ ಯಾರ ಸೇವೆ ನಿಷ್ಕಾಮ, ಯಾರದು ಸಕಾಮ ಎಂದು ತೀರ್ಪು ಕೊಡುವುದಲ್ಲ. ಅಮೆರಿಕದಲ್ಲಿ ಏಡ್ಸ್ ರೋಗಿಗಳ ನೆರವಿಗೆ ನಿಂತ ಸ್ವಯಂಸೇವಕರನ್ನು ಕುರಿತು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಲಿಕೆ, ಆತ್ಮಗೌರವ ಮುಂತಾದ ಸ್ವಂತದ ಪ್ರೇರಣೆಗಳು ಬಲವಾಗಿದ್ದವರೇ ಹೆಚ್ಚು ಕಾಲ ಸೇವೆಯಲ್ಲಿ ಉಳಿದದ್ದು ಕಂಡುಬಂದಿತು. ಬಯಸಿದ್ದು ಕೆಲಸದಲ್ಲೇ ದೊರೆತಾಗ ಸ್ವಯಂಸೇವಕನ ತೃಪ್ತಿ ಹೆಚ್ಚುತ್ತದೆ ಎಂಬುದನ್ನು ಕ್ಲೇರಿ ಮತ್ತು ಸಂಗಡಿಗರ ಸಂಶೋಧನೆಯೂ ತೋರಿಸಿದೆ. ಹೀಗಿರುವಾಗ ಸೇವಾಸಂಸ್ಥೆಗಳು, ಕಾಲೇಜುಗಳು ಮತ್ತು ರಕ್ತನಿಧಿಗಳು ಸ್ವಯಂಸೇವಕರ ತಲೆ ಎಣಿಸುವುದಕ್ಕಷ್ಟೇ ನಿಲ್ಲದೆ, ಅವರು ಏನನ್ನು ಬಯಸಿ ಬಂದಿದ್ದಾರೆಂಬುದನ್ನು ಮೊದಲೇ ಕೇಳಿ ತಿಳಿದು, ಅದಕ್ಕೆ ತಕ್ಕ ಕೆಲಸವನ್ನು ವಹಿಸಿಕೊಡಬೇಕು.