ಆರಾಧನೆ, ಪೂಜೆ, ಸೇವೆ: ಕನ್ನಡ ಕ್ರೈಸ್ತ ಬದುಕಿನಲ್ಲಿ ಉಪಾಸನೆಯ ಅರ್ಥ ಮತ್ತು ಆಚರಣೆ

1. ಪ್ರವೇಶ

ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ಕ್ರೈಸ್ತ ಮಿಶನರಿಗಳಿಗೆ ಗೌರವದ ಸ್ಥಾನವೊಂದು ದೊರೆತಿದೆ. ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’, ಫರ್ಡಿನಾಂಡ್ ಕಿಟೆಲ್ 1894ರಲ್ಲಿ ಪ್ರಕಟಿಸಿದ ನಿಘಂಟು, ಇ.ಪಿ. ರೈಸ್ ಅವರ ಸಾಹಿತ್ಯ ಚರಿತ್ರೆ ಇವುಗಳನ್ನು ಬಿಟ್ಟು ಆಧುನಿಕ ಕನ್ನಡದ ಅಧ್ಯಯನ ಸಾಧ್ಯವಿಲ್ಲ. ಆದರೆ ಈ ಚರ್ಚೆಗಳೆಲ್ಲ ಬಹುಮಟ್ಟಿಗೆ ನಿಘಂಟು, ವ್ಯಾಕರಣ, ಮುದ್ರಣ ಮತ್ತು ಗ್ರಂಥಸಂಪಾದನೆಗಳ ಸುತ್ತಲೇ ನಿಂತಿವೆ. ಈ ವಿದ್ವಾಂಸರು ಯಾವ ಉದ್ದೇಶಕ್ಕಾಗಿ ಕನ್ನಡವನ್ನು ಕಲಿತರೋ ಆ ಉದ್ದೇಶದ ಕೇಂದ್ರದಲ್ಲಿದ್ದ ಉಪಾಸನೆಯ ಭಾಷೆ ನಮ್ಮ ವಿಭಾಗಗಳ ಗಮನವನ್ನು ಅಷ್ಟಾಗಿ ಸೆಳೆದಿಲ್ಲ. ಪ್ರತಿ ಭಾನುವಾರ ಸಾವಿರಾರು ಕನ್ನಡಿಗರು ಒಟ್ಟಾಗಿ ನಿಂತು ಹೇಳುವ, ಹಾಡುವ, ಮಂಡಿಯೂರಿ ಕೇಳುವ ಕನ್ನಡವೊಂದಿದೆ. ಅದು ಇಂದಿಗೂ ಬಳಕೆಯಲ್ಲಿರುವ ಆಚರಣೆಯ ಪಠ್ಯ.

ಕ್ರೈಸ್ತ ಬದುಕಿನಲ್ಲಿ ಉಪಾಸನೆ ಎಂದರೇನು, ಆ ಅರ್ಥವನ್ನು ಕನ್ನಡ ಯಾವ ಪದಗಳಲ್ಲಿ ಹಿಡಿದಿಟ್ಟಿದೆ, ಆ ಪದಗಳಲ್ಲಿ ಒಂದು ಹಿಂದೆ ಸರಿದಾಗ ಅರ್ಥಕ್ಕೆ ಏನಾಗುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪಶ್ಚಿಮ ಬೆಂಗಳೂರಿನ ಬಡಾವಣೆಗಳನ್ನು ಲೇಖನದ ಕೊನೆಯಲ್ಲಿ ನಿದರ್ಶನವಾಗಿ ಇಟ್ಟುಕೊಳ್ಳಲಾಗಿದೆ.

2. ಮೂಲ ಪರಿಕಲ್ಪನೆ: ಬಾಗುವುದು ಮತ್ತು ದುಡಿಯುವುದು

ಬೈಬಲಿನ ಮೂಲ ಭಾಷೆಗಳಲ್ಲಿ ಉಪಾಸನೆಗೆ ಒಂದೇ ಪದವಿಲ್ಲ. ಹೀಬ್ರೂವಿನಲ್ಲಿ ಎರಡು ಮುಖ್ಯ ಧಾತುಗಳು ಕಾಣಸಿಗುತ್ತವೆ. ಒಂದು, ನೆಲಕ್ಕೆ ಬಾಗುವುದನ್ನು ಸೂಚಿಸುತ್ತದೆ. ಇನ್ನೊಂದು ‘ಅವದ್’, ಎಂದರೆ ದುಡಿ, ಊಳಿಗ ಮಾಡು. ಇದರಿಂದಾದ ‘ಅವೋದಾ’ ಎಂಬ ನಾಮಪದ ಹೊಲದ ಕೆಲಸಕ್ಕೂ, ಈಜಿಪ್ಟಿನಲ್ಲಿ ಇಸ್ರಾಯೇಲರು ಅನುಭವಿಸಿದ ಜೀತಕ್ಕೂ, ದೇವಾಲಯದ ಸೇವೆಗೂ ಸಮಾನವಾಗಿ ಬಳಕೆಯಾಗಿದೆ. ಜೀತದಿಂದ ಬಿಡುಗಡೆ ಹೊಂದಿದ ಜನ ದೇವರ ಸೇವೆಗೆ ಹೊರಟರು ಎಂಬ ವಿಮೋಚನಕಾಂಡದ ಕಥನವೇ ಈ ಒಂದು ಪದದ ಎರಡು ಅರ್ಥಗಳ ನಡುವೆ ಚಲಿಸುತ್ತದೆ.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿಯೂ ಇದೇ ಹರಹು ಇದೆ. ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ ಸಮಾರ್ಯದ ಸ್ತ್ರೀಯೊಂದಿಗೆ ಯೇಸು ನಡೆಸುವ ಸಂವಾದದಲ್ಲಿ ಬರುವುದು ‘ಪ್ರೊಸ್ಕುನೇಯೊ’, ಅಂದರೆ ಅಡ್ಡಬೀಳು. ಯಾವ ಬೆಟ್ಟದಲ್ಲಿ, ಯಾವ ಪಟ್ಟಣದಲ್ಲಿ ಅಡ್ಡಬೀಳಬೇಕು ಎಂಬ ಅವಳ ಪ್ರಶ್ನೆಯನ್ನು ಅಲ್ಲಿ ಸ್ಥಳದಿಂದ ಬಿಡಿಸಿ, ಆತ್ಮ ಮತ್ತು ಸತ್ಯಗಳ ಕಡೆಗೆ ತಿರುಗಿಸಲಾಗಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ ಆರಂಭದಲ್ಲಿ ಪೌಲನು ಬಳಸುವುದು ‘ಲಾತ್ರೇಯಿಯ’, ಅಂದರೆ ಸೇವೆ. ಅಲ್ಲಿ ಅರ್ಪಿಸಬೇಕಾದುದು ಪ್ರಾಣಿಯನ್ನಲ್ಲ, ಬದುಕುತ್ತಿರುವ ದೇಹವನ್ನು. ಮೂರನೆಯದು ‘ಲೆಯಿತೂರ್ಗಿಯ’. ಗ್ರೀಕ್ ಪಟ್ಟಣಗಳಲ್ಲಿ ಅದು ಸಾರ್ವಜನಿಕ ಕಾರ್ಯವನ್ನು ಸೂಚಿಸುತ್ತಿದ್ದ ಪದ. ಇಂದು ಪಾಶ್ಚಾತ್ಯ ಭಾಷೆಗಳಲ್ಲಿ ವಿಧಿಬದ್ಧ ಉಪಾಸನೆಗೆ ನಿಂತಿರುವುದು ಇದೇ ಪದದ ರೂಪಾಂತರ. ಆದರೆ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ (9:12) ಪೌಲನು ಇದನ್ನು ಜೆರುಸಲೇಮಿನ ಬಡವರಿಗಾಗಿ ಎತ್ತಿದ ಚಂದಾಹಣಕ್ಕೆ ಅನ್ವಯಿಸುತ್ತಾನೆ ಎಂಬುದನ್ನು ಗಮನಿಸಬೇಕು.

ಪ್ರವಾದಿಗಳ ಟೀಕೆಯೂ ಇದಕ್ಕೆ ಪೂರಕವಾದುದು. ನ್ಯಾಯವಿಲ್ಲದ ಹಬ್ಬವನ್ನೂ ಹಾಡನ್ನೂ ದೇವರು ಒಲ್ಲನೆಂದು ಆಮೋಸನು ಖಂಡಿಸಿದರೆ, ಹಸಿದವರಿಗೆ ಅನ್ನ ನೀಡದ ಉಪವಾಸವನ್ನು ಯೆಶಾಯನ ಗ್ರಂಥ ತಿರಸ್ಕರಿಸುತ್ತದೆ. ಕಾಣಿಕೆಯನ್ನು ವೇದಿಯ ಮುಂದೆಯೇ ಬಿಟ್ಟು, ಮುನಿಸಿಕೊಂಡ ಸಹೋದರನೊಡನೆ ಮೊದಲು ರಾಜಿಯಾಗಬೇಕೆಂಬ ಯೇಸುವಿನ ಬೋಧನೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿದೆ. ಹೀಗಾಗಿ ಬಾಗುವಿಕೆ ಮತ್ತು ದುಡಿಮೆ ಇವೆರಡೂ ಕೂಡಿದಾಗ ಮಾತ್ರ ಕ್ರೈಸ್ತ ಉಪಾಸನೆಯ ಮೂಲ ಅರ್ಥ ಪೂರ್ಣವಾಗುತ್ತದೆ.

3. ಆದಿಸಭೆಯ ಆಚರಣೆ

ಈ ಅರ್ಥ ಆಚರಣೆಯಲ್ಲಿ ಹೇಗೆ ರೂಪುತಾಳಿತು ಎಂಬುದಕ್ಕೆ ಕ್ರಿ.ಶ. ಸುಮಾರು 155ರಲ್ಲಿ ಹುತಾತ್ಮ ಜಸ್ಟಿನನು ರೋಮಿನಲ್ಲಿ ಬರೆದ ‘ಮೊದಲ ಸಮರ್ಥನೆ’ ಎಂಬ ಕೃತಿ ಮಹತ್ವದ ದಾಖಲೆ. ಅವನು ವಿವರಿಸುವ ಭಾನುವಾರದ ಕೂಟದಲ್ಲಿ ಮೊದಲು ಅಪೊಸ್ತಲರ ಮತ್ತು ಪ್ರವಾದಿಗಳ ಬರಹಗಳ ವಾಚನ, ಬಳಿಕ ಸಭೆಯ ಮುಖ್ಯಸ್ಥನ ಉಪದೇಶ, ಅನಂತರ ಎಲ್ಲರೂ ಎದ್ದು ನಿಂತು ಮಾಡುವ ಪ್ರಾರ್ಥನೆ. ತರುವಾಯ ರೊಟ್ಟಿ, ದ್ರಾಕ್ಷಾರಸ ಮತ್ತು ನೀರನ್ನು ತರುತ್ತಾರೆ. ಮುಖ್ಯಸ್ಥನ ಕೃತಜ್ಞತಾಸ್ತುತಿಗೆ ಜನರು ‘ಆಮೆನ್’ ಎನ್ನುತ್ತಾರೆ. ಬರಲಾಗದವರ ಪಾಲನ್ನು ಸಭಾಸೇವಕರು ಅವರವರ ಮನೆಗೆ ಒಯ್ಯುತ್ತಾರೆ. ಕೊನೆಗೆ ಉಳ್ಳವರು ಕೊಟ್ಟ ಕಾಣಿಕೆಯಿಂದ ಅನಾಥರು, ವಿಧವೆಯರು, ರೋಗಿಗಳು, ಸೆರೆಯಲ್ಲಿರುವವರು ಮತ್ತು ಪರಸ್ಥಳದಿಂದ ಬಂದವರಿಗೆ ನೆರವು ಸಲ್ಲುತ್ತದೆ.

ಹದಿನೆಂಟು ಶತಮಾನಗಳ ಬಳಿಕವೂ ವಾಚನ, ಉಪದೇಶ, ಪ್ರಾರ್ಥನೆ, ಅರ್ಪಣೆ, ಭೋಜನ, ಬೀಳ್ಕೊಡುಗೆ ಎಂಬ ಈ ಕ್ರಮ ಕಥೋಲಿಕರಲ್ಲಿಯೂ ದಕ್ಷಿಣ ಭಾರತ ಸಭೆಯಲ್ಲಿಯೂ ಮೂಲಭೂತವಾಗಿ ಮುಂದುವರಿದಿದೆ. ಬಲಿಪೂಜೆಗೆ ಯೂರೋಪಿನ ಭಾಷೆಗಳಲ್ಲಿರುವ ಹೆಸರು, ಕೊಂಕಣಿಯ ‘ಮೀಸ್’ ಸಹಿತವಾಗಿ, ಲ್ಯಾಟಿನ್ ವಿಧಿಯ ಕೊನೆಯ ಬೀಳ್ಕೊಡುಗೆಯ ಮಾತಿನಿಂದ ಬಂದಿದೆ. ಇಡೀ ಆಚರಣೆಗೆ ಹೆಸರು ದೊರೆತದ್ದು ಜನರನ್ನು ಹೊರಗೆ ಕಳುಹಿಸುವ ಘಟ್ಟದಿಂದ ಎಂಬುದು ಅರ್ಥಪೂರ್ಣವಾಗಿದೆ.

4. ಕನ್ನಡದ ಪದಗಳು

ಕನ್ನಡ ಕ್ರೈಸ್ತರ ಆಡುಮಾತಿನಲ್ಲಿ ಈ ಆಚರಣೆಗೆ ಎರಡು ಮುಖ್ಯ ಹೆಸರುಗಳಿವೆ. ಪ್ರೊಟೆಸ್ಟೆಂಟರು ‘ಆರಾಧನೆ’ಗೆ ಹೋಗುತ್ತಾರೆ, ಕಥೋಲಿಕರು ‘ಪೂಜೆ’ಗೆ ಹೋಗುತ್ತಾರೆ. ಒಬ್ಬರದು ‘ಕರ್ತನ ಭೋಜನ’, ಇನ್ನೊಬ್ಬರದು ‘ಪರಮಪ್ರಸಾದ’. ಒಬ್ಬರ ‘ಸುವಾರ್ತೆ’ ಇನ್ನೊಬ್ಬರ ‘ಶುಭಸಂದೇಶ’. ಇವು ಕೇವಲ ಪರ್ಯಾಯ ಪದಗಳಲ್ಲ. ನೆಲದ ಧಾರ್ಮಿಕ ಪರಂಪರೆಗಳೊಡನೆ ಇಟ್ಟುಕೊಂಡ ಸಂಬಂಧದ ಎರಡು ರೀತಿಗಳು.

‘ಪೂಜೆ’ ಎಂಬುದು ವಿಗ್ರಹದ ಸನ್ನಿಧಿಯನ್ನು ಕೂಡಲೇ ನೆನಪಿಗೆ ತರುವ ಪದ. ವಾಕ್ಯಕ್ಕೆ ಪ್ರಾಧಾನ್ಯ ಕೊಟ್ಟ ಪ್ರೊಟೆಸ್ಟೆಂಟ್ ಪರಂಪರೆಗೆ ಅದು ಒಗ್ಗದಿದ್ದುದು ಸಹಜ. ಅರ್ಪಣೆಗೆ ಪ್ರಾಧಾನ್ಯ ಕೊಟ್ಟ ಕಥೋಲಿಕ ಪರಂಪರೆ ಅದನ್ನೇ ಸ್ವೀಕರಿಸಿ, ‘ಬಲಿ’ ಎಂಬ ಪದವನ್ನು ಅದಕ್ಕೆ ಜೋಡಿಸಿತು. ‘ಬಲಿ’ ಎಂದೊಡನೆ ರಕ್ತದ ನೆನಪಾಗುವುದು ನಿಜ. ಆದರೆ ಬಲಿಹರಣ, ಭೂತಬಲಿಗಳಲ್ಲಿ ಬಲಿಯೆಂದರೆ ಅನ್ನದ ಅರ್ಪಣೆಯೂ ಹೌದು. ರೊಟ್ಟಿಯ ರೂಪದಲ್ಲಿ ನಡೆಯುವ, ರಕ್ತ ಹರಿಯದ ಬಲಿಗೆ ಈ ಎರಡನೆಯ ಅರ್ಥ ಹೊಂದುತ್ತದೆ. ಮಲಯಾಳಿ ಸಿರಿಯನ್ ಕ್ರೈಸ್ತರ ‘ಕುರ್ಬಾನ’ ಎಂಬ ಸಿರಿಯಾಕ್ ಪದದ ಅರ್ಥವೂ ಅರ್ಪಣೆಯೇ. ಕಿಟೆಲ್ ಅವರು 1872ರಲ್ಲಿ ‘ಯಜ್ಞಸುಧಾನಿಧಿ’ ಎಂಬ ಕೃತಿಯನ್ನೇ ರಚಿಸಿದ್ದನ್ನು ನೋಡಿದರೆ, ಬಲಿಯ ಪರಿಕಲ್ಪನೆ ಪ್ರೊಟೆಸ್ಟೆಂಟ್ ವಿದ್ವಾಂಸರನ್ನೂ ಕಾಡಿತ್ತೆಂಬುದು ಸ್ಪಷ್ಟ.

‘ಆರಾಧನೆ’ಯ ಚರಿತ್ರೆ ಇನ್ನೂ ಕುತೂಹಲಕರವಾದುದು. ‘ರಾಧ್’ ಧಾತುವಿಗೆ ಒಲಿಸಿಕೊಳ್ಳು, ಸಾಧಿಸು ಎಂಬ ಅರ್ಥಗಳಿವೆ. ಕನ್ನಡದ ಅತ್ಯಂತ ಹಳೆಯ ಗದ್ಯಕೃತಿಗಳಲ್ಲೊಂದಾದ ‘ವಡ್ಡಾರಾಧನೆ’ಯ ಹೆಸರಿನಲ್ಲೇ ಈ ಪದವಿದೆ. ಜೈನ ಪರಿಭಾಷೆಯಲ್ಲಿ ಆರಾಧನೆಯೆಂದರೆ ದರ್ಶನ, ಜ್ಞಾನ, ಚಾರಿತ್ರ, ತಪಸ್ಸು ಎಂಬ ನಾಲ್ಕರ ಸಾಧನೆ. ಬದುಕಿನುದ್ದಕ್ಕೂ ನಡೆದು, ಉಪಸರ್ಗಗಳನ್ನು ಸಹಿಸಿ, ಸಮಾಧಿಮರಣದಲ್ಲಿ ಪೂರ್ಣಗೊಳ್ಳುವ ನಡೆ ಅದು. ಒಂದು ದಿನದ, ಒಂದು ಗಂಟೆಯ ವಿಧಿಯಲ್ಲ. ಕ್ರೈಸ್ತ ಅನುವಾದಕರು ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡೇ ಪದವನ್ನು ಆರಿಸಿದರೆಂದು ಹೇಳಲು ಆಧಾರವಿಲ್ಲ. ಆದರೂ ಬದುಕನ್ನೇ ಅರ್ಪಿಸಬೇಕೆಂಬ ಪೌಲನ ಮಾತಿಗೆ ಬೇಕಾದ ವ್ಯಾಪ್ತಿ ಕನ್ನಡದ ಈ ಪದದಲ್ಲಿ ಮೊದಲೇ ಸಿದ್ಧವಾಗಿತ್ತೆಂಬುದನ್ನು ಒಪ್ಪಬೇಕು.

ಮೂರನೆಯ ಪದ ‘ಸೇವೆ’. ಕನ್ನಡ ಸತ್ಯವೇದದಲ್ಲಿ ಅಡ್ಡಬೀಳು, ಆರಾಧಿಸು, ಸೇವಿಸು ಎಂಬ ಮೂರು ಕ್ರಿಯಾಪದಗಳೂ ದೇವರ ಸಂದರ್ಭದಲ್ಲಿ ಬರುತ್ತವೆ. ‘ಅವೋದಾ’ದ ದುಡಿಮೆಯ ಅರ್ಥವನ್ನು ಕನ್ನಡದಲ್ಲಿ ಹೊತ್ತಿರುವುದು ಮುಖ್ಯವಾಗಿ ಈ ಮೂರನೆಯದು.

5. ಆಚರಣೆಯ ಕನ್ನಡ

ಉಪಾಸನೆ ಕನ್ನಡವಾದ ಬಗೆ ಎರಡು ಪಂಗಡಗಳಲ್ಲಿ ಭಿನ್ನವಾಗಿದೆ. ಪ್ರೊಟೆಸ್ಟೆಂಟರಲ್ಲಿ ಆರಂಭದಿಂದಲೇ ಜನಭಾಷೆಯ ಉಪಾಸನೆಯಿತ್ತು. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಲಭ್ಯವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಜರ್ಮನ್ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿತು. ರಾಗಕ್ಕಾಗಿ ಪದವನ್ನು ಎಳೆಯಬೇಕಾದ, ಹ್ರಸ್ವ ದೀರ್ಘಗಳು ಅದಲುಬದಲಾಗುವ ತೊಡಕು ಇಲ್ಲಿ ಅನಿವಾರ್ಯವಾಗಿತ್ತು. ಕಿಟೆಲ್ ತಮ್ಮ ‘ಕಥಾಮಾಲೆ’ಯಲ್ಲಿ (1862) ಕ್ರಿಸ್ತಚರಿತ್ರೆಯನ್ನು ದೇಶದ ಛಂದೋರೂಪಗಳಲ್ಲಿ ಹೇಳಲು ಯತ್ನಿಸಿದರು. 1875ರಲ್ಲಿ ನಾಗವರ್ಮನ ಛಂದಶ್ಶಾಸ್ತ್ರವನ್ನು ಸಂಪಾದಿಸಿದ ವಿದ್ವಾಂಸರು ಅದಕ್ಕೂ ಮುಂಚೆ ಭಕ್ತಿಯ ಅಗತ್ಯಕ್ಕಾಗಿ ಛಂದಸ್ಸಿನೊಡನೆ ಸೆಣಸಿದ್ದರೆಂಬುದು ಸಂಶೋಧಕರು ಗಮನಿಸಬೇಕಾದ ಅಂಶ. ಇಂದಿಗೂ ಪ್ರೊಟೆಸ್ಟೆಂಟ್ ಆರಾಧನೆಯಲ್ಲಿ ಪಾಶ್ಚಾತ್ಯ ರಾಗದ ಸಂಗೀತವೂ ದೇಶೀ ಮಟ್ಟಿನ ಕೀರ್ತನೆ, ಭಜನೆಗಳೂ ಅಕ್ಕಪಕ್ಕದಲ್ಲಿವೆ.

ಕಥೋಲಿಕರಲ್ಲಿ ಮೈಸೂರು ಸೀಮೆಯ ಕನ್ನಡ ಮಿಶನ್ 17ನೆಯ ಶತಮಾನದಷ್ಟು ಹಳೆಯದಾದರೂ ಪೂಜೆಯ ಭಾಷೆ ಲ್ಯಾಟಿನ್ ಆಗಿಯೇ ಉಳಿದಿತ್ತು. ಜಪ, ಕೀರ್ತನೆ, ಉಪದೇಶಗಳು ಮಾತ್ರ ಜನಭಾಷೆಯಲ್ಲಿದ್ದವು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಉಪಾಸನಾ ಸಂವಿಧಾನ ಜನಭಾಷೆಗೆ ಬಾಗಿಲು ತೆರೆಯಿತು. 1969ರಲ್ಲಿ ಭಾರತದ ಧರ್ಮಾಧ್ಯಕ್ಷರು ಕೋರಿದ ಹನ್ನೆರಡು ಅಂಶಗಳ ಹೊಂದಾಣಿಕೆಗೆ ರೋಮ್ ಒಪ್ಪಿಗೆ ನೀಡಿತು. ಪಾದರಕ್ಷೆ ಕಳಚುವುದು, ನೆಲದ ಮೇಲೆ ಕೂರುವುದು, ಮುತ್ತಿಡುವ ಬದಲು ಕೈಮುಗಿಯುವುದು, ಎಣ್ಣೆಯ ದೀಪ, ಆರತಿ ಮೊದಲಾದವು ಅವುಗಳಲ್ಲಿದ್ದವು. ಈ ಕಾರ್ಯದ ಮುಂದಾಳು ಡಿ.ಎಸ್. ಅಮಲೋರ್ಪವದಾಸ್ ಅವರು ಬೆಂಗಳೂರಿನ ರಾಷ್ಟ್ರೀಯ ಕೇಂದ್ರದಿಂದಲೂ ಅನಂತರ ಮೈಸೂರಿನ ಅಂಜಲಿ ಆಶ್ರಮದಿಂದಲೂ ಈ ಪ್ರಯೋಗವನ್ನು ಬೆಳೆಸಿದರು. ಇದಕ್ಕೆ ಕಥೋಲಿಕರೊಳಗಿನಿಂದಲೇ ವಿರೋಧವೂ ಬಂತು.

ಇತ್ತ 1947ರ ಸೆಪ್ಟೆಂಬರ್ 27ರಂದು ಉದಯಿಸಿದ ದಕ್ಷಿಣ ಭಾರತ ಸಭೆ 1950ರಲ್ಲಿ ರೂಪಿಸಿದ ಕರ್ತನ ಭೋಜನದ ಕ್ರಮದಲ್ಲಿ, ಕೇರಳದ ಸಿರಿಯನ್ ಪರಂಪರೆಯಿಂದ ಒಂದು ಆಚರಣೆಯನ್ನು ಪಡೆಯಿತು. ವೇದಿಯಿಂದ ಹೊರಟ ಸಮಾಧಾನ ಕೈಯಿಂದ ಕೈಗೆ, ಒಬ್ಬರ ಅಂಗೈಗಳ ನಡುವೆ ಇನ್ನೊಬ್ಬರ ಅಂಗೈ ಇರಿಸುವ ಮೂಲಕ, ಸಭೆಯ ಕೊನೆಯವರೆಗೆ ಸಾಗುತ್ತದೆ. ಮುಟ್ಟುವಿಕೆ ಜಾತಿಯ ಪ್ರಶ್ನೆಯಾಗಿದ್ದ ಸಮಾಜದಲ್ಲಿ ಈ ಆಚರಣೆಗಿರುವ ಸಾಮಾಜಿಕ ಅರ್ಥವನ್ನು ವಿವರಿಸಿ ಹೇಳಬೇಕಾಗಿಲ್ಲ.

6. ಪಶ್ಚಿಮ ಬೆಂಗಳೂರು: ಒಂದು ನಿದರ್ಶನ

ಈ ಅರ್ಥಗಳೆಲ್ಲ ಇಂದು ಹೇಗೆ ಬದುಕಿವೆ ಎಂಬುದನ್ನು ತಿಳಿಯಲು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ಕಡೆಗೆ ನೋಡಬಹುದು. ಸ್ವಾತಂತ್ರ್ಯಾನಂತರ ಕೈಗಾರಿಕೆಯೊಂದಿಗೆ ಬೆಳೆದ ಈ ಭಾಗಕ್ಕೆ ಹಳ್ಳಿಗಳಿಂದ ಬಂದ ಕನ್ನಡ ಕ್ರೈಸ್ತರ ಜೊತೆಗೆ ತಮಿಳು, ಕೊಂಕಣಿ, ಮಲಯಾಳ, ತೆಲುಗು ಮಾತಿನವರೂ ಸೇರಿದ್ದಾರೆ. ಇಲ್ಲಿನ ಚರ್ಚಿನ ಹೊರಗಿನ ಸಮಯಫಲಕವೇ ಒಂದು ಭಾಷಾ ದಾಖಲೆ: ಯಾವ ಭಾಷೆಗೆ ಯಾವ ಹೊತ್ತು ಎಂಬುದು ಆ ಸಭೆಯ ಚರಿತ್ರೆಯನ್ನು ಹೇಳುತ್ತದೆ. ಬೆಂಗಳೂರಿನ ಕಥೋಲಿಕರಲ್ಲಿ ಪೂಜೆಯಲ್ಲಿ ಕನ್ನಡದ ಸ್ಥಾನ ಕುರಿತು ದಶಕಗಳ ಕಾಲ ನಡೆದ ವಿವಾದ ಎಲ್ಲರಿಗೂ ತಿಳಿದದ್ದೇ. ಆ ವಿವಾದ ಹೊತ್ತಿನ ಹಂಚಿಕೆಯನ್ನು ಕುರಿತು ನಡೆದಷ್ಟು, ಪದಗಳ ಅರ್ಥವನ್ನು ಕುರಿತು ನಡೆಯಲಿಲ್ಲ.

ಅರ್ಥದ ಪ್ರಶ್ನೆ ಎದುರಾಗಿರುವುದು ಬೇರೊಂದು ಕಡೆಯಿಂದ. ಇಂಗ್ಲಿಷ್ ಶಾಲೆಯಲ್ಲಿ ಓದಿದ ತಲೆಮಾರು ಇಂಗ್ಲಿಷ್ ಆರಾಧನೆಗೆ ಸರಿಯುತ್ತಿದೆ. ಸಭಾಂಗಣಗಳಲ್ಲಿ, ಮನೆಯ ಮಹಡಿಗಳಲ್ಲಿ ನಡೆಯುವ ಹೊಸ ಕೂಟಗಳಲ್ಲಿ ‘ವರ್ಶಿಪ್’ ಎಂಬ ಎರವಲು ಪದ ಬಳಕೆಗೆ ಬಂದಿದೆ. ಅಲ್ಲಿ ಅದರ ಅರ್ಥ ಉಪದೇಶಕ್ಕೆ ಮುಂಚಿನ ಹಾಡಿನ ಭಾಗ ಎಂದಷ್ಟೇ. ‘ಆರಾಧನೆ’ಯೂ ಇದೇ ಅರ್ಥಕ್ಕೆ ಇಳಿಯತೊಡಗಿದೆ. ಈ ಹಾಡುಗಳ ಭಕ್ತಿ ಪ್ರಾಮಾಣಿಕವಾದುದು, ಅವುಗಳಿಂದ ಅನೇಕರ ಬದುಕಿಗೆ ಆಸರೆ ದೊರೆತಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಒಂದು ಕಾಲಕ್ಕೆ ಮರಣದವರೆಗಿನ ಸಾಧನೆಯನ್ನು ಹೊತ್ತಿದ್ದ ಪದ ಅರ್ಧ ಗಂಟೆಯ ಗಾಯನಕ್ಕೆ ಸೀಮಿತವಾದಾಗ, ದುಡಿಮೆ ಮತ್ತು ಸೇವೆ ಉಪಾಸನೆಯ ಹೊರಗೆ ಉಳಿಯುತ್ತವೆ.

ಉತ್ತರವೂ ಇದೇ ಭಾಗದಲ್ಲಿದೆ. ಮಾಗಡಿ ರಸ್ತೆಯ ಸುಮನಹಳ್ಳಿಯಲ್ಲಿ 1970ರ ದಶಕದ ಕೊನೆಯಲ್ಲಿ ಬೆಂಗಳೂರು ಮಹಾಧರ್ಮಕ್ಷೇತ್ರದ ಆಶ್ರಯದಲ್ಲಿ ಕುಷ್ಠರೋಗ ಪೀಡಿತರ ಪುನರ್ವಸತಿ ಕೇಂದ್ರ ಆರಂಭವಾಯಿತು. ವರ್ತುಲ ರಸ್ತೆಯಲ್ಲಿ ಸಾಗುವವರಿಗೆ ಸುಮನಹಳ್ಳಿಯೆಂದರೆ ಒಂದು ಮೇಲ್ಸೇತುವೆಯ ಹೆಸರು. ಅಲ್ಲಿ ಆಸರೆ ಪಡೆದವರಿಗೆ ಅದು ಚಿಕಿತ್ಸೆ, ಕಸುಬಿನ ತರಬೇತಿ ಮತ್ತು ಮನುಷ್ಯರ ನಡುವೆ ಮತ್ತೆ ಬಾಳುವ ಅವಕಾಶ. ಜಸ್ಟಿನನ ವರದಿಯಲ್ಲಿ ಭಾನುವಾರದ ಕೂಟ ಮುಗಿಯುವುದು ರೋಗಿಗಳಿಗೂ ಪರಸ್ಥಳದವರಿಗೂ ಸಲ್ಲುವ ನೆರವಿನಲ್ಲಿ ಎಂಬುದನ್ನು ನೆನೆದರೆ, ಇಂತಹ ಕಾರ್ಯ ಉಪಾಸನೆಯ ಅನುಬಂಧವಲ್ಲ, ಅದರ ಕೊನೆಯ ವಿಧಿ ಎಂದೇ ಹೇಳಬೇಕಾಗುತ್ತದೆ. ಇಲ್ಲಿಗೆ ಹತ್ತಿರದ ಬಡಾವಣೆಗೆ ಬಸವಣ್ಣನವರ ಹೆಸರಿದೆ. ಕಾಯಕ, ದಾಸೋಹಗಳ ತಾತ್ತ್ವಿಕ ನೆಲೆ ಬೇರೆ. ಅವನ್ನು ಕ್ರೈಸ್ತ ಸೇವೆಯೊಡನೆ ಸಮೀಕರಿಸುವುದು ಸರಿಯಲ್ಲ. ಆದರೆ ದುಡಿಮೆಯನ್ನು ಪೂಜೆಯಿಂದ ಬೇರ್ಪಡಿಸಲೊಪ್ಪದ ವಚನಪರಂಪರೆಯ ಓದುಗರಿಗೆ ‘ಅವೋದಾ’ ಅಪರಿಚಿತವೆನಿಸಲಾರದು.

7. ಸಮಾರೋಪ

ಒಟ್ಟಿನಲ್ಲಿ, ಕ್ರೈಸ್ತ ಉಪಾಸನೆಯ ಅರ್ಥ ಬಾಗುವಿಕೆ, ಅರ್ಪಣೆ ಮತ್ತು ದುಡಿಮೆ ಎಂಬ ಮೂರು ಎಳೆಗಳಿಂದ ಕೂಡಿದೆ. ಕನ್ನಡ ಈ ಮೂರನ್ನೂ ಆರಾಧನೆ, ಪೂಜೆ, ಸೇವೆ ಎಂಬ ತನ್ನ ಪದಗಳಲ್ಲಿ ಹಂಚಿಕೊಂಡಿದೆ. ಪಂಗಡಗಳು ಒಂದೊಂದು ಪದವನ್ನು ತಮ್ಮದಾಗಿಸಿಕೊಂಡಿದ್ದರಿಂದ, ಇವು ಒಂದೇ ಅರ್ಥದ ಭಾಗಗಳೆಂಬುದು ಮರೆಯಾಗಿದೆ. ಪ್ರಾರ್ಥನಾ ಪುಸ್ತಕಗಳು, ಕೀರ್ತನಾ ಸಂಗ್ರಹಗಳು, ಪೂಜಾಕ್ರಮದ ಹಳೆಯ ಮತ್ತು ಹೊಸ ಆವೃತ್ತಿಗಳನ್ನು ಪಠ್ಯವಾಗಿ ಪರಿಗಣಿಸಿ, ವಡ್ಡಾರಾಧನೆ ಮತ್ತು ವಚನಗಳ ಪಕ್ಕದಲ್ಲಿಟ್ಟು ಓದುವ ಕೆಲಸ ಕನ್ನಡ ವಿಭಾಗಗಳಿಂದ ಆಗಬೇಕಾಗಿದೆ. ಬಾಯಿಪಾಠವಾಗಿ ಕನ್ನಡದ ಪ್ರಾರ್ಥನೆಗಳನ್ನು ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಂದ ಕೇಳಿ ದಾಖಲಿಸುವ ಕಾರ್ಯವನ್ನು ಮುಂದಕ್ಕೆ ಹಾಕುವಂತಿಲ್ಲ.