ಮನೆಗೂ ಉಸಿರು ಬೇಕು

ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ಮಲೆನಾಡಿನ ಮನೆಗಳಲ್ಲಿ ನೀರು ತುಂಬುವ ಹಬ್ಬ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಅಂದು ಬರಿದು ಮಾಡಿ, ಹುಣಿಸೆಹಣ್ಣು ಹಾಕಿ ತಿಕ್ಕಿ ಬೆಳಗುತ್ತಾರೆ. ಒಲೆಯೊಳಗಿನ ಬೂದಿಯನ್ನು ಬಗೆದು ತೆಗೆಯುತ್ತಾರೆ. ಗೋಡೆಗೂ ಗವಾಕ್ಷಿಗೂ ಕಟ್ಟಿದ ಇಲ್ಲಣವನ್ನು ಗುಡಿಸುತ್ತಾರೆ. ಆಮೇಲೆ ಬಾವಿಯ ಹೊಸ ನೀರು ತುಂಬಿ, ಸುಣ್ಣ ಕೆಮ್ಮಣ್ಣುಗಳ ಗೆರೆಯೆಳೆದು, ಹಂಡೆಯ ಕೊರಳಿಗೆ ಬಳ್ಳಿ ಸುತ್ತಿ ಪೂಜಿಸುತ್ತಾರೆ. ಮರುದಿನ ನಸುಕಿನಲ್ಲಿ ಮನೆಮಂದಿಗೆಲ್ಲ ಎಣ್ಣೆನೀರು.

ಯಂತ್ರಶಾಸ್ತ್ರ ಬಲ್ಲವರು ಇದನ್ನು ಕಂಡರೆ ವಾರ್ಷಿಕ ತಪಾಸಣೆ ಎಂದು ಕರೆದಾರು. ಚಳಿಗಾಲ ಕಾಲಿಡುವ ಮುನ್ನ ನೀರು ಕಾಯಿಸುವ ಸಾಧನವನ್ನು ತೊಳೆದು, ಹೊಗೆಯ ದಾರಿಯನ್ನು ತೆರವು ಮಾಡಿ ಸಿದ್ಧಪಡಿಸುವ ಕೆಲಸ ಅದು. ಮರೆಯಬಾರದೆಂದೋ ಏನೋ, ಹಿರಿಯರು ಆ ದುಡಿಮೆಯನ್ನು ಪಂಚಾಂಗದಲ್ಲಿಯೇ ಸೇರಿಸಿಬಿಟ್ಟರು!

ಮಾಡಿನ ಮೇಲೊಂದು ದಿನ

ಬೆಚ್ಚಗಿಡುವುದಕ್ಕೆ ಹಂಡೆಯಾದರೆ ತಣ್ಣಗಿಡುವುದಕ್ಕೆ ಹೆಂಚಿನ ಮಾಡು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಆ ಕೆಂಪು ಹೆಂಚು ಕ್ರಮೇಣ ಘಟ್ಟ ಹತ್ತಿ ಮಲೆನಾಡಿನ ಸೂರುಗಳನ್ನೆಲ್ಲ ಆಳಿತು. ಹೆಂಚು ಹೆಂಚಿನ ನಡುವೆ ಕೂದಲೆಳೆಯ ಸಂದು. ಮಳೆಯ ನೀರು ಒಳಗಿಳಿಯದು, ಬಿಸಿಗಾಳಿ ಮಾತ್ರ ಮೇಲೇರಿ ಹೊರಬೀಳುವುದು. ಅದರ ಕೆಳಗೆ ಅಟ್ಟ, ಮನೆಯ ನಡುವೆ ತೆರೆದ ತೊಟ್ಟಿ. ತೀರ್ಥಹಳ್ಳಿಯ ಬಳಿ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆಯನ್ನು ನೋಡಿದವರಿಗೆ ಈ ವಿನ್ಯಾಸದ ಸುಖವನ್ನು ಬಣ್ಣಿಸಿ ಹೇಳಬೇಕಾಗಿಲ್ಲ.

ಈ ಸುಖವಾದರೂ ಪುಕ್ಕಟೆಯಾಗಿ ಒದಗಿದುದಲ್ಲ. ಪ್ರತಿವರ್ಷವೂ ಮುಂಗಾರಿಗೆ ಮೊದಲು ಒಬ್ಬರು ಏಣಿಯಿಟ್ಟು ಮಾಡು ಹತ್ತಲೇಬೇಕು. ತರಗೆಲೆ ಗುಡಿಸಬೇಕು, ಪಾಚಿ ಕೆರೆಯಬೇಕು, ಒಡೆದ ಹೆಂಚನ್ನು ತೆಗೆದು ಬೇರೆ ಹೊದಿಸಬೇಕು. ಗೆದ್ದಲು ಹತ್ತಿದ ರೀಪು ಪಕಾಸಿಗಳನ್ನು ಬದಲಿಸಬೇಕು. ಎರಚಲು ಹೊಡೆಯುವ ಕಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಬೇಕು. ಒಂದು ವರ್ಷ ಸೋಮಾರಿತನ ಮಾಡಿದರೆ ಆಷಾಢದ ಮಳೆ ನಡುಮನೆಗೆ ಬಂದು ಲೆಕ್ಕ ಕೇಳುತ್ತಿತ್ತು.

ಮುಚ್ಚಿದ ಕೋಣೆ

ತುಂಗೆಯ ದಡದ ಶಿವಮೊಗ್ಗವೂ ಭದ್ರೆಯ ದಡದ ಭದ್ರಾವತಿಯೂ ಈಗ ಬಹುಮಟ್ಟಿಗೆ ತಾರಸಿ ಮನೆಗಳ ಊರುಗಳು. ಹಗಲೆಲ್ಲ ಬಿಸಿಲುಂಡ ಕಾಂಕ್ರೀಟು ರಾತ್ರಿ ಆ ಬಿಸಿಯನ್ನು ಮನೆಯೊಳಕ್ಕೇ ಉಗುಳುತ್ತದೆ. ಆದುದರಿಂದ ಫ್ಯಾನು ಬಂತು, ಅನುಕೂಲವುಳ್ಳವರಿಗೆ ಏ.ಸಿ. ಬಂತು. ಸೌದೆ ಒಲೆ ಹೋಗಿ ಗೀಸರ್ ಬಂತು, ತಾರಸಿಯ ಮೇಲೆ ಸೋಲಾರ್ ಬಂತು. ಹೊಗೆಯಿಲ್ಲ, ಕಣ್ಣುರಿಯಿಲ್ಲ, ಹಳೆಯ ಒಲೆಯ ಮುಂದೆ ಕುಳಿತು ಊದಿದವರಾರೂ ಅದಕ್ಕಾಗಿ ಹಂಬಲಿಸಲಾರರು.

ಆದರೆ ಸಾಧನಗಳು ಬದಲಾದ ವೇಗದಲ್ಲಿ ಅಭ್ಯಾಸಗಳು ಬದಲಾಗಲಿಲ್ಲ. ಹೆಂಚಿನ ಮಾಡಿನ ಬಚ್ಚಲಿನಲ್ಲಿ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಕೆಮ್ಮಿಸುತ್ತಿತ್ತು, ಸಂದುಗಳಲ್ಲಿ ಹೊರಗೆ ಹೋಗುತ್ತಿತ್ತು. ಇಂದಿನ ಬಚ್ಚಲು ನಾಲ್ಕು ಕಡೆಗೂ ಮುಚ್ಚಿದ ಪೆಟ್ಟಿಗೆ. ಚಳಿಯೆಂದು ಅದರ ಕಿರುಗಿಂಡಿಗೂ ಬಟ್ಟೆ ತುರುಕಿ, ಒಳಗೆ ಗ್ಯಾಸ್ ಗೀಸರ್ ಹೊತ್ತಿಸಿ ಬಾಗಿಲು ಹಾಕಿಕೊಳ್ಳುವ ಮನೆಗಳು ಇಂದಿಗೂ ಉಂಟು. ಸ್ನಾನಕ್ಕೆ ಹೋದವರು ಹೊರಗೆ ಬರಲೇ ಇಲ್ಲ ಎಂಬ ವಾರ್ತೆ ರಾಜ್ಯದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಅಚ್ಚಾಗಿದೆ.

ಕುಲುಮೆಯ ಪಾಠ

ಇದರ ಕಾರಣವನ್ನು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆ ಚೆನ್ನಾಗಿ ತಿಳಿಸಿಕೊಡುತ್ತದೆ. 1923ರಲ್ಲಿ ಅಲ್ಲಿ ಕಬ್ಬಿಣ ತಯಾರಾಗತೊಡಗಿದಾಗ ಕುಲುಮೆಗೆ ಹಾಕುತ್ತಿದ್ದುದು ಕೆಮ್ಮಣ್ಣುಗುಂಡಿಯ ಅದಿರು ಮತ್ತು ಕಾಡಿನ ಮರದಿಂದ ಮಾಡಿದ ಇದ್ದಿಲು. ಇಂಥ ಕುಲುಮೆಯಲ್ಲಿ ಇದ್ದಿಲು ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಆ ಅನಿಲಕ್ಕೆ ಆಮ್ಲಜನಕದ ಹಸಿವು ಬಹಳ. ಅದಿರಿನಲ್ಲಿರುವ ಆಮ್ಲಜನಕವನ್ನು ಅದು ಕಿತ್ತುಕೊಂಡಾಗ ಉಳಿಯುವುದೇ ಕಬ್ಬಿಣ.

ಕುಲುಮೆಯಲ್ಲಿ ಉಪಕಾರಿಯಾದ ಅದೇ ಅನಿಲ ಬಚ್ಚಲಿನಲ್ಲಿ ಮೃತ್ಯು. ಕೋಣೆಯ ಗಾಳಿಯನ್ನು ಉರಿ ಬಳಸಿಕೊಂಡ ಮೇಲೆ, ಹೊಸ ಗಾಳಿ ಬಾರದಿದ್ದರೆ, ಅನಿಲ ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು. ಅಷ್ಟರಲ್ಲಿ ಕಾಲು ಸೋತು, ಬಾಗಿಲ ಚಿಲಕದವರೆಗೆ ಕೈ ಚಾಚುವುದಕ್ಕೂ ತ್ರಾಣವಿರುವುದಿಲ್ಲ.

ಆದ್ದರಿಂದ ಗ್ಯಾಸ್ ಗೀಸರನ್ನೂ ಅದರ ಸಿಲಿಂಡರನ್ನೂ ಬಚ್ಚಲಿನ ಹೊರಗೆ, ಗಾಳಿಯಾಡುವ ಜಾಗದಲ್ಲಿ ಇರಿಸಿ, ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತರುವುದೇ ಸರಿಯಾದ ಕ್ರಮ. ಉರಿ ನೀಲಿಯಾಗಿರಬೇಕು, ಹಳದಿಗೆ ತಿರುಗಿದರೆ ಅಥವಾ ಮಸಿ ಕಟ್ಟಿದರೆ ಬರ್ನರಿಗೆ ಕೊಳೆ ತುಂಬಿದೆಯೆಂದು ತಿಳಿದು, ಬಲ್ಲವರಿಂದ ಶುಚಿ ಮಾಡಿಸುವವರೆಗೆ ಹೊತ್ತಿಸಬಾರದು. ಅನಿಲದ ರಬ್ಬರ್ ಕೊಳವೆಯ ಮೇಲೆ ಅಚ್ಚಾದ ಅವಧಿ ಮುಗಿದೊಡನೆ ಅದನ್ನು ಬದಲಿಸಬೇಕು. ಬಚ್ಚಲಿನಲ್ಲಿ ಯಾರಾದರೂ ಕುಸಿದುದು ಕಂಡರೆ ಬಾಗಿಲು ಕಿಟಕಿ ತೆರೆದು, ಅನಿಲ ನಿಲ್ಲಿಸಿ, ಅವರನ್ನು ಬಯಲಿನ ಗಾಳಿಗೆ ತಂದು ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

ಮಿಕ್ಕವುಗಳ ಆರೈಕೆ

ಉಳಿದ ಸಾಧನಗಳು ಇಷ್ಟು ಕ್ರೂರವಲ್ಲ. ಅಲಕ್ಷಿಸಿದರೆ ಬಹುಮಟ್ಟಿಗೆ ಕಿಸೆಯನ್ನಷ್ಟೇ ಹಗುರ ಮಾಡುತ್ತವೆ. ಗಡಸು ನೀರಿನ ಕೊಳವೆಬಾವಿಯಿರುವ ಮನೆಯಲ್ಲಿ ವಿದ್ಯುತ್ ಗೀಸರಿನ ಕಾಯಿಲಿಗೆ ಸುಣ್ಣದಂಥ ಪದರ ಕಟ್ಟುತ್ತದೆ. ಬಿಸಿ ನೀರಿಗೆ ಮುಟ್ಟದೆ ಕಾಯಿಲು ಸುಡುತ್ತದೆ. ವರ್ಷಕ್ಕೊಮ್ಮೆ ಅದನ್ನು ತೆಗೆಸಬೇಕು. ಜೊತೆಗೇ ಅರ್ಥಿಂಗ್ ಮತ್ತು ಸುರಕ್ಷಾ ವಾಲ್ವುಗಳನ್ನು ಪರೀಕ್ಷಿಸಲೇಬೇಕು, ಏಕೆಂದರೆ ಇಲ್ಲಿ ಮಾತ್ರ ಪ್ರಾಣದ ಪ್ರಶ್ನೆಯೂ ಉಂಟು. ಸೋಲಾರಿನ ಗಾಜಿಗೆ ಧೂಳು ಕೂತರೆ ಬಿಸಿಲಿದ್ದೂ ನೀರು ಉಗುರುಬೆಚ್ಚಗೆ. ಅದನ್ನು ಬೆಳಗಿನ ತಂಪಿನಲ್ಲಿ ತೊಳೆಯುವುದು ಒಳಿತು, ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಶಿವರಾತ್ರಿಗೆ ಚಳಿ ‘ಶಿವಶಿವಾ’ ಎಂದು ಓಡಿತೆಂದರೆ ತಂಪಿನ ಸಾಧನಗಳ ಸರದಿ. ಫ್ಯಾನಿನ ರೆಕ್ಕೆಯ ಧೂಳನ್ನು ಒರೆಸಬೇಕು. ಏ.ಸಿ.ಯ ಒಳಗಿನ ಜಾಲರಿಯನ್ನು ಬೇಸಗೆಯಲ್ಲಿ ತಿಂಗಳಿಗೊಮ್ಮೆಯಾದರೂ ನೀರಿನಲ್ಲಿ ತೊಳೆದು, ಒಣಗಿಸಿ ಹಾಕಿದರೆ ಗಾಳಿ ಸರಾಗ, ವಿದ್ಯುತ್ ಬಿಲ್ಲು ಕಡಮೆ. ಹೊರಗಿನ ಪೆಟ್ಟಿಗೆಗೆ ಎಲೆ, ಧೂಳು ಅಡರದಂತೆ ನೋಡಿಕೊಳ್ಳಬೇಕು. ತಾರಸಿಗೆ ಬೇಸಗೆಯ ಮೊದಲು ಸುಣ್ಣ ಬಳಿಸಿದರೆ ಅರ್ಧ ಬಿಸಿಲು ಅಲ್ಲಿಯೇ ಹಿಂದಿರುಗುತ್ತದೆ.

ಇವೆಲ್ಲ ಸೇರಿದರೂ ವರ್ಷಕ್ಕೆ ಕೆಲವೇ ದಿನಗಳ ಕೆಲಸ. ಕಷ್ಟವಿರುವುದು ಕೆಲಸದಲ್ಲಲ್ಲ, ನೆನಪಿನಲ್ಲಿ. ಹಂಡೆಗೆ ಹಬ್ಬವಿತ್ತು, ಗೀಸರಿಗೆ ಇಲ್ಲ. ಆದರೂ ಹಂಡೆಯಿಲ್ಲದ ಮನೆಗೂ ನೀರು ತುಂಬುವ ಹಬ್ಬ ತಪ್ಪದೆ ಬರುತ್ತದೆ. ಈ ಸಲ ಆ ಸಂಜೆ, ಕೊಡಕ್ಕೆ ಬಳ್ಳಿ ಸುತ್ತುವ ಮೊದಲು, ಮನೆಯಲ್ಲಿ ಯಾರಾದರೊಬ್ಬರು ಬಚ್ಚಲಿನ ಕಿರುಗಿಂಡಿಗೆ ತುರುಕಿದ ಬಟ್ಟೆಯನ್ನು ತೆಗೆಯಲಿ. ಮರುದಿನದ ಎಣ್ಣೆನೀರು ಎಲ್ಲರಿಗೂ ಸುಖವಾಗಿರುತ್ತದೆ.